ಬಸ್ಸು ತಪ್ಪಿತಾ?

ಲಿಂಗದಹಳ್ಳಿಯಲ್ಲಿ ನಲವತ್ತು ದಾಟಿದವನೊಬ್ಬ ಬೆಳಗ್ಗೆ ರಸ್ತೆ ಮೇಲೆ ಓಡಿದರೆ ಎದುರಾದವರು ಕೇಳುವುದು ಇದನ್ನೇ. ಟೀ ಅಂಗಡಿ ಮುಂದೆ ಕೂತಿದ್ದ ಹಿರಿಯರೊಬ್ಬರು ನನ್ನನ್ನೂ ಕೇಳಿದರು. "ಇಲ್ಲ ಮಾವ, ಸುಮ್ನೆ ಓಡ್ತಿದೀನಿ" ಅಂದೆ. "ಸುಮ್ನೆ ಯಾಕೆ ಓಡ್ತೀಯ? ತೋಟಕ್ಕೆ ಬಾ, ಗುದ್ದಲಿ ಕೊಡ್ತೀನಿ."

ನಕ್ಕು ತಳ್ಳಿಹಾಕುವ ಮಾತಲ್ಲ ಅದು. ದಿನವಿಡೀ ಕುಕ್ಕರಗಾಲಲ್ಲಿ ಕೂತು ಅಡಿಕೆ ಸುಲಿದ ಹೆಂಗಸಿಗೆ ಆರೋಗ್ಯಕ್ಕೆ ಓಡಬೇಕಮ್ಮ ಅಂತ ಹೇಳುವುದು ಸೊಕ್ಕಿನ ಮಾತು. ಆದರೆ ಗುದ್ದಲಿ ಕೊಡುತ್ತೇನೆಂದ ಮಾವನೇ ತೋಟಕ್ಕೆ ಹೋಗುವುದು ಬೈಕಿನಲ್ಲಿ. ನೀರಿಗೆ ಡ್ರಿಪ್ ಇದೆ, ಸುಲಿಯಲು ಮೆಷಿನ್ ಬಂದಿದೆ. ನಮ್ಮಂಥ ತೋಟದ ಯಜಮಾನರ ಮೈಗೆ ಈಗ ಕೆಲಸ ಕಮ್ಮಿ, ಊಟ ಮಾತ್ರ ಅಜ್ಜನ ಕಾಲದ್ದೇ.

ನಮ್ಮ ಕಡೆ ಯಾರೂ ಪ್ರಶ್ನೆ ಕೇಳದೆ ಬಿಡುವ ಓಟಗಾರರೂ ಇದ್ದಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ಐದು ಗಂಟೆಗೇ ಎದ್ದು ಓಡುವ ಹುಡುಗರು. ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಂಗಸರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. ಗುರಿ ಇರುವುದರಿಂದ ಕಾಲಷ್ಟೇ ಅಲ್ಲ, ಊರಿನ ಬಾಯಿಯೂ ಅವರ ಪರವಾಗಿ ಕೆಲಸ ಮಾಡುತ್ತದೆ. ಟ್ರ್ಯಾಕ್ ಪ್ಯಾಂಟ್ ಹಾಕಿದ ಹುಡುಗಿಗೂ "ಸೆಲೆಕ್ಷನ್‌ಗಂತೆ" ಎಂಬ ಒಂದು ಮಾತು ದಾರಿ ಬಿಡಿಸುತ್ತದೆ. ಅದೇ ವಯಸ್ಸಿನ ಸೊಸೆ ಸುಮ್ಮನೆ ಓಡಲಿ ನೋಡೋಣ! ನಾನೂ ಕೊನೆಗೆ "ಶುಗರ್ ಇದೆ, ಡಾಕ್ಟ್ರು ಹೇಳಿದಾರೆ" ಅಂತ ಸುಳ್ಳು ಹೇಳಿ ಬಚಾವಾದೆ.

ಗುರಿಯ ಇನ್ನೊಂದು ಮುಖವೂ ಇದೆ. ಕೆಲಸ ಸಿಕ್ಕಿದ ಹುಡುಗ ಓಟ ಬಿಡುತ್ತಾನೆ, ಸಿಗದವನು ಇನ್ನೂ ಬೇಗ ಬಿಡುತ್ತಾನೆ. 2008ರಿಂದ ನಡೆಯುತ್ತಿರುವ ಬೆಂಗಳೂರಿನ 10ಕೆ ಓಟಕ್ಕೆ ಹೆಸರು ಕೊಟ್ಟು, ಮೆಡಲ್ ಕೊರಳಿಗೆ ಬಿದ್ದ ಮಾರನೇ ದಿನವೇ ಶೂ ಮೂಲೆಗೆ ಸೇರಿಸಿದ ನೆಂಟರು ನನಗಿದ್ದಾರೆ.

ನನ್ನ ತಪ್ಪು ಬೇರೆ ಥರದ್ದು. ಹುಡುಗರ ಬೆನ್ನು ಹತ್ತಿ ಅವರ ವೇಗದಲ್ಲೇ ಓಡಿದೆ. ಮೂರನೇ ದಿನಕ್ಕೆ ಮೊಣಕಾಲ ಕೆಳಗಿನ ಮೂಳೆಯುದ್ದಕ್ಕೂ ನೋವು ಹಿಡಿದು, ಎರಡು ವಾರ ಮೆಟ್ಟಿಲಿಳಿಯಲೂ ಗೋಡೆ ಹಿಡಿಯಬೇಕಾಯಿತು. ಆಮೇಲೆ ನಂಬಿದ್ದು, ಅಮೆರಿಕದ ಜಾಶ್ ಕ್ಲಾರ್ಕ್ 1996ರಲ್ಲಿ ರೂಪಿಸಿದ 'ಕೌಚ್ ಟು 5ಕೆ' ಕ್ರಮವನ್ನು. ವಾರಕ್ಕೆ ಮೂರೇ ದಿನ, ಒಂಬತ್ತು ವಾರ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ನಾಚಿಕೆಯಾಗುವಷ್ಟು ಸುಲಭ. ಆ ನಾಚಿಕೆಯನ್ನು ನುಂಗಿಕೊಳ್ಳುವುದೇ ಕಷ್ಟ. ಇದು ಸಮತಟ್ಟು ದಾರಿಯ ಲೆಕ್ಕ ಎನ್ನುವುದನ್ನೂ ಮರೆಯಬಾರದು. ಕಲ್ಲತ್ತಿಗಿರಿ ಕಡೆ ತಿರುಗಿದರೆ ರಸ್ತೆ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುತ್ತದೆ. ಹೊಸಬರಿಗೆ ಅದು ಬೇಡ.

ಮಂಡಿ ಸವೆಯುತ್ತದೆ ಅನ್ನುವವರಿಗೆ 2017ರ ಒಂದು ದೊಡ್ಡ ವಿಮರ್ಶೆ ಉತ್ತರ ಕೊಡುತ್ತದೆ. ಸೊಂಟ, ಮಂಡಿಯ ಕೀಲುಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದೆ ಕೂತವರಲ್ಲಿ ಶೇ. 10.2, ಸ್ಪರ್ಧೆಗೆ ಓಡುವವರಲ್ಲಿ ಶೇ. 13.3. ಈ ಅಂಕಿ ನೋಡಿ ಕುಣಿಯಬೇಡಿ. ಮಂಡಿ ಕೆಟ್ಟವರು ಓಟವನ್ನು ಮೊದಲೇ ಬಿಟ್ಟಿರುತ್ತಾರೆ, ಹಾಗಾಗಿ ಓಡುವವರ ಸಾಲಿನಲ್ಲಿ ಗಟ್ಟಿ ಮಂಡಿಯವರೇ ಉಳಿದಿರಬಹುದು. ಮೊದಲೇ ಮಂಡಿನೋವಿದ್ದವರು, ಮೈ ತುಂಬಾ ಭಾರ ಇರುವವರು ಕೆಲವು ತಿಂಗಳು ಬಿರುಸಾಗಿ ನಡೆದರೂ ನಷ್ಟವೇನಿಲ್ಲ.

ರೂಢಿಯ ಮಾತಿಗೆ ಬಂದರೆ, ಲಂಡನ್ನಿನಲ್ಲಿ ನಡೆದ ಒಂದು ಅಧ್ಯಯನ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಅಂದಿತು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು. ನಾನು ಎರಡನೇ ಗುಂಪಿನವನು. ಇಲ್ಲಿ ಯಾವ 254 ದಿನ ತಗೊಂಡರೂ ಅದರೊಳಗೆ ಮಳೆಗಾಲವೋ ಅಡಿಕೆ ಕೊಯ್ಲೋ ಬಿದ್ದೇ ಬೀಳುತ್ತದೆ. ನಸುಕಿನಲ್ಲಿ ಚಿರತೆ ಭಯ, ಬೆಳಕಾದ ಮೇಲೆ ಬೀದಿನಾಯಿ, ಶನಿವಾರ ಭಾನುವಾರ ಬೆಟ್ಟಕ್ಕೆ ಹೋಗುವವರ ಜೀಪು. ದಿನ ತಪ್ಪದೆ ಓಡುತ್ತೇನೆಂದು ಶಪಥ ಮಾಡಿದವನು ಮೊದಲ ಆಷಾಢಕ್ಕೇ ಸೋಲುತ್ತಾನೆ. ತಪ್ಪಿದ ವಾರವನ್ನು ಲೆಕ್ಕಕ್ಕಿಡದೆ ಮತ್ತೆ ಶೂ ಕಟ್ಟುವವನ ಕಡೆಗೇ ನನ್ನ ತಕ್ಕಡಿ ವಾಲುತ್ತದೆ. ಗುರಿ ಶುರು ಮಾಡಿಸಲಿ, ಬೇಡ ಅನ್ನುವುದಿಲ್ಲ. ಆಮೇಲೆ ಅದಿಲ್ಲದೆಯೂ ಕಾಲು ಹೊರಡಬೇಕು.

ಮೊನ್ನೆ ಶುಕ್ರವಾರ ಅಡಿಕೆ ಸಿಪ್ಪೆ ರಾಶಿಯ ಹೊಗೆ ದಾಟುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ರಾಗಿ ತೆನೆ ಹರಡಿದ್ದರು. ಹುಡುಗರು ಬದಿಯಲ್ಲಿ ಹಾರಿಕೊಂಡು ಹೋದರು. ನಾನು ಅಂಚಿನಲ್ಲಿ ನಿಧಾನ ನಡೆದು ದಾಟಿ, ಆಚೆ ಹೋಗಿ ಮತ್ತೆ ಓಡಿದೆ.