ಮಡಿಲು ಆಸನವಲ್ಲ

ವಿಮಾನಯಾನದಲ್ಲಿ ಎಳೆಯ ಮಕ್ಕಳ ಮಾತು ಬಂದೊಡನೆ ಸುಶಿಕ್ಷಿತರಲ್ಲಿ ಏಳುವ ಚರ್ಚೆ ಸಾಮಾನ್ಯವಾಗಿ ಒಂದೇ: ಕೂಸಿನ ಅಳುವಿನಿಂದ ಸಹಯಾತ್ರಿಕರಿಗೆ ನಿದ್ರಾಭಂಗವಾಗುವುದೆಂಬುದು. ಈ ದೂರಿಗೆ ಕಂಪೆನಿಯವರು ಬಹು ಬೇಗನೆ ಕಿವಿಗೊಟ್ಟರು. 2016ರಲ್ಲಿ ಭಾರತದ ಇಂಡಿಗೋ ಸಂಸ್ಥೆಯವರು 12 ವರ್ಷಕ್ಕೆ ಕೆಳಗಿನವರು ಕೂಡಬಾರದೆಂದು ಕೆಲವು ಸಾಲುಗಳನ್ನು ಮೀಸಲಿಟ್ಟರು. 2023ರಲ್ಲಿ ಕೊರೆಂಡಾನ್ ಎಂಬ ಸಂಸ್ಥೆಯವರು ಆಮ್‌ಸ್ಟರ್‌ಡ್ಯಾಮಿನಿಂದ ಕ್ಯುರಸಾವ್ ದ್ವೀಪಕ್ಕೆ ಹೋಗುವ ವಿಮಾನದಲ್ಲಿ ವಯಸ್ಕರಿಗೇ ಪ್ರತ್ಯೇಕ ಭಾಗವನ್ನು ಸಾರಿದರು. ದೊಡ್ಡವರ ಕಿವಿಗೆ ಇಷ್ಟು ರಕ್ಷಣೆ ದೊರೆಯಿತು. ಮಗುವಿನ ತಲೆಗೆ ಯಾವ ರಕ್ಷಣೆಯುಂಟೆಂದು ಕೇಳಿದವರು ವಿರಳ.

ಎರಡು ವರ್ಷ ತುಂಬದ ಮಗುವಿಗೆ ಬೇರೆ ಆಸನ ಬೇಕಿಲ್ಲ, ತಾಯಿತಂದೆಗಳ ಮಡಿಲೇ ಸಾಕು ಎಂಬುದು ಲೋಕದ ಬಹುತೇಕ ವಿಮಾನಸಂಸ್ಥೆಗಳ ಪದ್ಧತಿ. ಹೊರದೇಶದ ಯಾನದಲ್ಲಿ ಇಂಥ ಮಗುವಿಗೆ ಸಾಮಾನ್ಯವಾಗಿ ದೊಡ್ಡವರ ಶುಲ್ಕದಲ್ಲಿ ನೂರಕ್ಕೆ 10ರಷ್ಟನ್ನು ತೆಗೆದುಕೊಳ್ಳುವರು. ಕನ್ನಡನಾಡಿನ ಎಷ್ಟೋ ಮನೆಗಳ ಮಕ್ಕಳು ಸಮುದ್ರದಾಚೆ ನೆಲಸಿರುವ ಈ ಕಾಲದಲ್ಲಿ, ಮೊಮ್ಮಗುವನ್ನು ಅಜ್ಜಿಗೆ ತೋರಿಸಲೆಂದು ಬರುವ ತಾಯಿಯು ಓಡಾಡುವ ವಯಸ್ಸಿನ ಕೂಸನ್ನು ಹಗಲಿರುಳು ತೊಡೆಯ ಮೇಲೆ ಹಿಡಿದುಕೊಂಡೇ ಬರುವಳು. ಈ ಪದ್ಧತಿಯು ಅಪಾಯಕರವಾದುದು, ಆದುದರಿಂದ ತ್ಯಾಜ್ಯವಾದುದು. ಇದನ್ನು ಸಮರ್ಥಿಸುವವರ ವಾದಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಉಚಿತ.

ಮೊದಲನೆಯ ವಾದ: ತಾಯಿಯ ತೋಳಿಗಿಂತ ಭದ್ರವಾದ ಸ್ಥಳ ಮಗುವಿಗೆ ಮತ್ತಾವುದು? ಈ ಮಾತು ಮನೆಯಲ್ಲಿ ಸತ್ಯ. ವೇಗವುಳ್ಳ ಯಂತ್ರದೊಳಗೆ ಅಸತ್ಯ. ಓಡುವ ವಿಮಾನ ಹಠಾತ್ತಾಗಿ ನಿಂತರೆ ಒಳಗಿರುವ ಪ್ರತಿಯೊಂದು ವಸ್ತುವೂ ಅದೇ ವೇಗದಿಂದ ಮುಂದಕ್ಕೆ ನುಗ್ಗುವುದು. ಭೂಮಿಯ ಆಕರ್ಷಣದ 9ರಷ್ಟು ಬಲ ಬಿದ್ದಾಗ 10 ಕಿಲೋಗ್ರಾಂ ತೂಕದ ಮಗು 90 ಕಿಲೋಗ್ರಾಂ ಭಾರದಂತೆ ಕೈಯಿಂದ ಸೆಳೆದುಕೊಂಡು ಹೋಗುವುದು. ದೊಡ್ಡ ವಿಮಾನಗಳ ಹೊಸ ಆಸನಗಳು 16ರಷ್ಟು ಬಲವನ್ನು ತಡೆಯಬೇಕೆಂದು ಅಮೆರಿಕದವರು 1988ರಲ್ಲಿಯೇ ನಿಯಮ ಮಾಡಿದರು. ಉಕ್ಕಿನ ಕಾಲುಗಳಿಗೆ ಪರೀಕ್ಷೆ ಇಟ್ಟವರು ತಾಯಿಯ ಕೈಗಳನ್ನು ಪರೀಕ್ಷೆಯಿಲ್ಲದೆಯೇ ಒಪ್ಪಿಕೊಂಡರು! ವಾತ್ಸಲ್ಯಕ್ಕೆ ಮಿತಿಯಿಲ್ಲದಿರಬಹುದು, ಮೂಳೆ ಮಾಂಸಗಳಿಗೆ ಮಿತಿಯುಂಟು.

ಇದು ಬರಿಯ ಲೆಕ್ಕವಲ್ಲ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಸಂಸ್ಥೆಯ 232ನೆಯ ವಿಮಾನ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 296 ಜನರಲ್ಲಿ 184 ಜನ ಉಳಿದರು. ಮಡಿಲಮಕ್ಕಳು ನಾಲ್ವರಿದ್ದರು. ಅವರನ್ನು ಕಾಲ ಬಳಿ ನೆಲದ ಮೇಲೆ ಇರಿಸಿ ಹಿಡಿದುಕೊಳ್ಳಿರೆಂದು ಪರಿಚಾರಿಕೆಯರು ಹೇಳಿದರು. ಅಂದಿನ ಕ್ರಮ ಅದೇ ಆಗಿದ್ದಿತು. ಹಿಡಿದ ಕೈಗಳು ನಿಲ್ಲಲಿಲ್ಲ. ಆ ನಾಲ್ವರಲ್ಲಿ ಒಂದು ಮಗು ತೀರಿಕೊಂಡಿತು. ಆ ಮಾತನ್ನು ಹೇಳಬೇಕಾಗಿ ಬಂದ ಮುಖ್ಯ ಪರಿಚಾರಿಕೆ ಜ್ಯಾನ್ ಬ್ರೌನ್ ಅನಂತರ ಅನೇಕ ವರ್ಷಗಳ ಕಾಲ ಪ್ರತ್ಯೇಕಾಸನಕ್ಕಾಗಿ ಹೋರಾಡಿದರು. 2012ರ ಡಿಸೆಂಬರಿನಲ್ಲಿ ಕೆನಡಾದ ಸನಿಕಿಲುವಾಕ್ ಎಂಬಲ್ಲಿ ಸಣ್ಣ ವಿಮಾನವೊಂದು ಅಪಘಾತಕ್ಕೀಡಾದಾಗ ಒಳಗಿದ್ದ 9 ಜನರಲ್ಲಿ ಸತ್ತದ್ದು ಒಂದೇ ಜೀವ: ಮಡಿಲಲ್ಲಿದ್ದ 6 ತಿಂಗಳ ಶಿಶು. ಪಟ್ಟಿ ಕಟ್ಟಿಕೊಂಡವರು ಉಳಿದರು, ಕಟ್ಟದ ಮಗು ಹೋಯಿತು. ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕೆ?

ತಾಯಿಯ ಪಟ್ಟಿಗೆ ಮಗುವಿನ ಪಟ್ಟಿಯನ್ನು ಕೋಲಿಸುವ ಪದ್ಧತಿ ಹಲವು ದೇಶಗಳಲ್ಲಿ ಉಂಟಲ್ಲ ಎನ್ನುವವರಿಗೆ ಉತ್ತರವಿಷ್ಟೆ: ಅದು ಮಗು ಹಾರಿಹೋಗದಂತೆ ತಡೆಯುವುದು ನಿಜ. ಆದರೆ ತಾಯಿಯ ದೇಹ ಮುಂದಕ್ಕೆ ಬಾಗಿದಾಗ ನಡುವೆ ಸಿಕ್ಕಿ ನಲುಗುವುದು ಮಗುವೇ. ಅಮೆರಿಕದವರು ವಿಮಾನವು ಏರುವ ಇಳಿಯುವ ವೇಳೆಯಲ್ಲಿ ಅದನ್ನು ನಿಷೇಧಿಸಿರುವರು.

ಎರಡನೆಯ ವಾದ: ಇಂಥ ದುರಂತಗಳು ಅಪರೂಪ. ಅಪರೂಪವೆಂಬುದು ನಿರ್ವಿವಾದ. ಹಾಗಾದರೆ ದೊಡ್ಡವರಿಗೆ ಪಟ್ಟಿಯೇಕೆ? ಇಳಿಯುವ ಮುನ್ನ ತಿಂಡಿಯ ಗಾಡಿಯನ್ನು ಸರಿಸಿ ಬೀಗ ಹಾಕುವುದೇಕೆ? ಕೈಚೀಲವನ್ನು ಸಹ ಕೆಳಕ್ಕೆ ತಳ್ಳಿಸುವುದೇಕೆ? ಅಲ್ಲದೆ ಅಪಘಾತವಿಲ್ಲದೆಯೂ ಗಾಳಿಯ ಕ್ಷೋಭೆಯೊಂದೇ ಮನುಷ್ಯರನ್ನು ಎತ್ತಿ ಎಸೆಯಬಲ್ಲುದು. 2024ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ವಿಮಾನ ಇಂಥ ಕ್ಷೋಭೆಗೆ ಸಿಕ್ಕಿ, ಪಟ್ಟಿ ಕಟ್ಟದವರು ಛಾವಣಿಗೆ ಬಡಿದು ಗಾಯಗೊಂಡುದನ್ನು ಪತ್ರಿಕೆಗಳಲ್ಲಿ ಓದದವರಾರು?

ಮೂರನೆಯ ವಾದವೇ ತೂಕವುಳ್ಳದ್ದು. ಆಸನ ಕಡ್ಡಾಯವಾದರೆ ಖರ್ಚು ಹೆಚ್ಚಿ ಸಂಸಾರಸ್ಥರು ಮೋಟಾರಿನಲ್ಲಿ ಹೋಗುವರು. ರಸ್ತೆಯಲ್ಲಿ ಸಾವು ಹೆಚ್ಚಾದುದರಿಂದ ಒಟ್ಟಿನಲ್ಲಿ ಹಾನಿಯೇ ಎಂಬುದು ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ನಿನ ಅಭಿಪ್ರಾಯ. ಅಲ್ಲಿಯ ಸಾರಿಗೆ ಸುರಕ್ಷತಾ ಮಂಡಲಿಯು 1990ರಲ್ಲಿಯೇ ಶಿಫಾರಸು ಮಾಡಿದ್ದರೂ ಈ ಕಾರಣದಿಂದಲೇ 2005ರಲ್ಲಿ ಅವರು ನಿಯಮದ ಯೋಚನೆಯನ್ನು ಕೈಬಿಟ್ಟರು. ಆದರೆ ಇಲ್ಲಿ ದೋಷವಿರುವುದು ಆಸನದಲ್ಲಿಯೋ, ಆಸನದ ಬೆಲೆಯಲ್ಲಿಯೋ? ಬೆಲೆ ಇಳಿಸಿದರೆ ವಾದ ಬಿದ್ದುಹೋಗುವುದು. ಮೇಲಾಗಿ, ದುಬೈಯಿಂದ ಮಂಗಳೂರಿಗೂ ಅಮೆರಿಕದಿಂದ ಬೆಂಗಳೂರಿಗೂ ಮೋಟಾರಿನಲ್ಲಿ ಯಾರು ಬರುವರು? ಮಗುವಿಗೆ ಮಡಿಲು ಕ್ಷೇಮವಲ್ಲ, ತಕ್ಕ ಆಸನವೇ ಕ್ಷೇಮ ಎಂದು ತಾಯಿತಂದೆಗಳಿಗೆ ಬುದ್ಧಿ ಹೇಳುತ್ತಿರುವವರೂ ಅದೇ ಅಧಿಕಾರಿಗಳು. ತಾವೇ ಕ್ಷೇಮವಲ್ಲವೆಂದುದಕ್ಕೆ ತಾವೇ ಅನುಮತಿ ಕೊಡುವುದು ಯಾವ ತರ್ಕ?

ಭಾರತದ ಸ್ಥಿತಿಯಂತೂ ಅರ್ಧಜರತೀಯ ನ್ಯಾಯಕ್ಕೆ ಒಳ್ಳೆಯ ಉದಾಹರಣೆ: ಒಂದೇ ತತ್ತ್ವವನ್ನು ಅರ್ಧ ಒಪ್ಪಿ ಅರ್ಧ ಬಿಟ್ಟಿರುವುದು. 2019ರ ಮೋಟಾರು ವಾಹನ ತಿದ್ದುಪಡಿಯಂತೆ 14 ವರ್ಷದೊಳಗಿನ ಮಗುವನ್ನು ಪಟ್ಟಿಯಿಂದಲೋ ತಕ್ಕ ಸಾಧನದಿಂದಲೋ ಭದ್ರಪಡಿಸದೆ ಕಾರಿನಲ್ಲಿ ಕರೆದೊಯ್ದರೆ 1,000 ರೂಪಾಯಿ ದಂಡ. 2022ರ ನಿಯಮದಂತೆ 4 ವರ್ಷದೊಳಗಿನ ಮಗುವನ್ನು ದ್ವಿಚಕ್ರವಾಹನದಲ್ಲಿ ಕೂಡಿಸಿದರೆ ಕಟ್ಟುಪಟ್ಟಿ ಬೇಕು, ವೇಗ ಗಂಟೆಗೆ 40 ಕಿಲೋಮೀಟರನ್ನು ಮೀರಬಾರದು. ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಿಂದ ನೆಲ ಮುಟ್ಟುವ ವಿಮಾನದಲ್ಲಾದರೋ ಅದೇ ಮಗುವಿಗೆ ಮಡಿಲು ಸಾಕು! 2024ರ ಏಪ್ರಿಲಿನಲ್ಲಿ ವಿಮಾನಯಾನ ಮಹಾನಿರ್ದೇಶನಾಲಯದವರು 12 ವರ್ಷದವರೆಗಿನ ಮಕ್ಕಳನ್ನು ತಾಯಿತಂದೆಗಳಲ್ಲೊಬ್ಬರ ಪಕ್ಕದಲ್ಲಿಯೇ ಕೂಡಿಸಬೇಕೆಂದು ಆಜ್ಞಾಪಿಸಿದರು. ಆಜ್ಞೆ ಸ್ತುತ್ಯವೇ, ಆದರೆ ಅದು ಸಾಮೀಪ್ಯದ ಮಾತು, ಪ್ರತ್ಯೇಕಾಸನದ ಮಾತಲ್ಲ.

ಆದುದರಿಂದ ಆಗತಕ್ಕ ಕಾರ್ಯ ಮೂರು. ಎರಡು ವರ್ಷದೊಳಗಿನ ಮಗುವಿಗೂ ಆಸನವುಂಟೆಂದು ಸರ್ಕಾರದವರು ವಿಧಿಸಬೇಕು. ಕಂಪೆನಿಯವರು ಆ ಆಸನಕ್ಕೆ ಅಲ್ಪಶುಲ್ಕವನ್ನು ಗೊತ್ತುಮಾಡಿ, ಮಕ್ಕಳ ಕಟ್ಟುಪೀಠಗಳನ್ನು ತಾವೇ ಒದಗಿಸಬೇಕು. ಅಲ್ಲಿಯವರೆಗೆ, ಅನುಕೂಲವುಳ್ಳ ಮನೆಯವರು ಮಗುವಿಗೊಂದು ಆಸನವನ್ನು ಕೊಂಡು, ವಿಮಾನದಲ್ಲಿ ಒಪ್ಪುವ ಕಟ್ಟುಪೀಠ ಯಾವುದೆಂದು ಕಂಪೆನಿಯವರನ್ನು ಮುಂಚಿತವಾಗಿ ಕೇಳಿ ತಿಳಿದುಕೊಳ್ಳಬೇಕು. ನಾಮಕರಣಕ್ಕೂ ಚೌಲಕ್ಕೂ ಕೈಬಿಚ್ಚಿ ವೆಚ್ಚಮಾಡುವ ಗೃಹಸ್ಥರು ಈ ಒಂದು ವೆಚ್ಚದಲ್ಲಿ ಲೋಭ ಮಾಡತಕ್ಕದ್ದಲ್ಲ. ಅಧಿಕಾರಿಗಳ ಕಣ್ಣು ತೆರೆಯುವುದಕ್ಕೆ ಈ ದೇಶದಲ್ಲಿಯೂ ಒಂದು ಮಗು ಹೋಗಬೇಕಾಗಿಲ್ಲ.