ರೈಲು ಬಿಟ್ಟುಹೋದ ಬೆಟ್ಟದ ದಾರಿ

ಅಮೆರಿಕದ ಅಪಲೇಚಿಯನ್ ಪರ್ವತಸಾಲಿನಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್ಲೆಂಡ್ ಪಟ್ಟಣದವರೆಗೆ 241 ಕಿಲೋಮೀಟರ್ ಉದ್ದದ ಸೈಕಲ್ ದಾರಿಯೊಂದಿದೆ. ಗ್ರೇಟ್ ಅಲೆಗೆನಿ ಪ್ಯಾಸೇಜ್ ಎಂದು ಅದರ ಹೆಸರು. ಊರೊಳಗಿನ ತುಂಡುಗಳನ್ನು ಬಿಟ್ಟರೆ ಬಹುತೇಕ ಸುಣ್ಣಕಲ್ಲಿನ ಪುಡಿಜಲ್ಲಿ ಹಾಸಿದ ನೆಲ. ಕಾರು, ಲಾರಿ, ಮೋಟರ್‌ಬೈಕುಗಳಿಗೆ ಇಲ್ಲಿ ಪ್ರವೇಶವಿಲ್ಲ, ಸೈಕಲ್ಲಿನವರು ಕೊಡಬೇಕಾದ ಶುಲ್ಕವೂ ಇಲ್ಲ. ಬೆಟ್ಟಗುಡ್ಡಗಳ ಸೀಮೆಯಲ್ಲಿ ವಾಹನಗಳ ಕಾಟವಿಲ್ಲದ ದಾರಿ ಹೇಗೆ ಹುಟ್ಟುತ್ತದೆ, ಹೇಗೆ ಉಳಿಯುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈ ದಾರಿಯನ್ನು ಮೊದಲು ಕಡಿದದ್ದು ರೈಲಿಗಾಗಿ. ಅದರ ಗುಣವೆಲ್ಲ ಬಂದಿರುವುದು ಅಲ್ಲಿಂದಲೇ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಏರು ತುಸು ಕಡಿದಾದರೂ ಭಾರ ಎಳೆಯುವ ಇಂಜಿನ್ನಿನ ಗಾಲಿ ನಿಂತಲ್ಲೇ ಸುತ್ತತೊಡಗುತ್ತದೆ. ಹಾಗಾಗಿ ರೈಲ್ವೆ ಇಂಜಿನಿಯರುಗಳು ನದಿಯ ದಂಡೆಯನ್ನೇ ಹಿಡಿದು ಸಾಗಿದರು. ಅಡ್ಡ ಬಂದ ದಿಣ್ಣೆಯನ್ನು ಸೀಳಿದರು, ತಗ್ಗಿಗೆ ಮಣ್ಣು ತುಂಬಿದರು, ಕಣಿವೆಗೆ ಸೇತುವೆ ಕಟ್ಟಿದರು. ಬೆಟ್ಟವನ್ನು ಬಳಸಿ ಹೋಗಲು ಸಾಧ್ಯವೇ ಇಲ್ಲದಲ್ಲಿ ಸುರಂಗ ಕೊರೆದರು. ಮನಂಗಹೇಲಾ, ಯಾಕಗೇನಿ, ಕ್ಯಾಸಲ್‌ಮನ್ ಎಂಬ ಮೂರು ನದಿಗಳ ಜಾಡಿನಲ್ಲಿ ದಾರಿ ಪಶ್ಚಿಮದಿಂದ ಮೇಲೇರುತ್ತದೆ. ಅತಿ ಎತ್ತರದ ತಾಣ ಸಮುದ್ರಮಟ್ಟದಿಂದ 729 ಮೀಟರ್. ಅದು ಜಲವಿಭಾಜಕ ರೇಖೆಯೂ ಹೌದು. ಅದರ ಪಶ್ಚಿಮಕ್ಕೆ ಬಿದ್ದ ಮಳೆ ಒಹಾಯೋ, ಮಿಸಿಸಿಪಿ ನದಿಗಳ ಮೂಲಕ ಮೆಕ್ಸಿಕೋ ಕೊಲ್ಲಿಗೆ ಹೋದರೆ, ಪೂರ್ವಕ್ಕೆ ಬಿದ್ದದ್ದು ಪೊಟೋಮ್ಯಾಕ್ ನದಿ ಸೇರಿ ಅಟ್ಲಾಂಟಿಕ್ ಕಡೆಗೆ ಹರಿಯುತ್ತದೆ. ಪಿಟ್ಸ್‌ಬರ್ಗ್‌ನಿಂದ ಈ ನೆತ್ತಿಗೆ ಸುಮಾರು 200 ಕಿಲೋಮೀಟರ್. ಅಷ್ಟು ದೂರದಲ್ಲಿ ಏರಬೇಕಾದದ್ದು ಸುಮಾರು 500 ಮೀಟರ್ ಮಾತ್ರ. ತುಳಿಯುವವರ ಅರಿವಿಗೇ ಬರದಷ್ಟು ಸಣ್ಣ ಏರು. ಕಂಬರ್ಲೆಂಡ್ ಕಡೆಯಿಂದ ಹತ್ತುವವರಿಗೆ ಅದಕ್ಕಿಂತ ತುಸು ಹೆಚ್ಚಿನ ಎತ್ತರ 38 ಕಿಲೋಮೀಟರಿನಲ್ಲೇ ಎದುರಾಗುತ್ತದೆ. ಅಲ್ಲಿಯೂ ನೂರು ಮೀಟರಿಗೆ ಎರಡು ಮೀಟರಿನ ಏರನ್ನು ದಾರಿ ಮೀರುವುದಿಲ್ಲ. ತರಬೇತಿ ಪಡೆದ ಸವಾರರಿಗಷ್ಟೇ ಮೀಸಲೆಂದು ಜನ ನಂಬಿದ್ದ ಪರ್ವತವನ್ನು ಮಕ್ಕಳೂ ಮಂಡಿನೋವಿನ ಹಿರಿಯರೂ ದಾಟಬಹುದಾಗಿದೆ. ಈ ದಾರಿಯ ದೊಡ್ಡ ಹೆಚ್ಚುಗಾರಿಕೆ ಅದೇ.

ರೈಲು ಹೋದದ್ದಕ್ಕೆ ಕಾರಣ ಸರಳ. ಪಿಟ್ಸ್‌ಬರ್ಗ್‌ನ ಉಕ್ಕು, ಕಾನೆಲ್ಸ್‌ವಿಲ್‌ನ ಕೋಕ್ ಮತ್ತು ಕಲ್ಲಿದ್ದಲು ಸಾಗಿಸುವ ಪೈಪೋಟಿಯಲ್ಲಿ ಒಂದೇ ನದಿಯ ಎರಡು ದಂಡೆಗಳಲ್ಲಿ ಎರಡು ಕಂಪನಿಗಳು ಹಳಿ ಹಾಕಿದ್ದವು. ಬಾಲ್ಟಿಮೋರ್ ಅಂಡ್ ಒಹಾಯೋ ಮೊದಲು ಬಂದಿತ್ತು; ವೆಸ್ಟರ್ನ್ ಮೇರಿಲ್ಯಾಂಡ್ ಕಂಪನಿಯ ಮಾರ್ಗ ಮುಗಿದದ್ದು 1912ರಲ್ಲಿ. ಮುಂದೆ ಎರಡೂ ಒಂದೇ ಆಡಳಿತದಡಿ ಬಂದಾಗ ಒಂದು ಮಾರ್ಗ ಸಾಕೆನಿಸಿ, 1975ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್ ಹಳಿ ಕೈಬಿಡಲಾಯಿತು. ಎದುರು ದಂಡೆಯಲ್ಲಿ ಗೂಡ್ಸ್ ರೈಲುಗಳು ಇಂದಿಗೂ ಓಡುತ್ತಿವೆ.

ಹಳಿ ಕಿತ್ತ ಮಾತ್ರಕ್ಕೆ ಸೈಕಲ್ ದಾರಿ ಆಗಿಬಿಡುವುದಿಲ್ಲ. ನಿಜವಾದ ತೊಡಕು ಇರುವುದು ಜಮೀನಿನ ಹಕ್ಕಿನಲ್ಲಿ. ಅಮೆರಿಕದ ಅನೇಕ ಕಡೆ ರೈಲ್ವೆ ಕಂಪನಿಗಳಿಗೆ ಇದ್ದದ್ದು ನೆಲದ ಒಡೆತನವಲ್ಲ, ರೈಲು ಓಡಿಸಲು ಹಾದುಹೋಗುವ ಹಕ್ಕು ಮಾತ್ರ. ಮಾರ್ಗವನ್ನು ಕಾನೂನುಬದ್ಧವಾಗಿ ಕೈಬಿಟ್ಟ ದಿನ ಆ ಹಕ್ಕು ಮುಗಿದು ನೆಲ ಅಕ್ಕಪಕ್ಕದ ಜಮೀನುದಾರರಿಗೆ ಮರಳುತ್ತಿತ್ತು. ಒಬ್ಬರು ಬೇಲಿ ಹಾಕಿದರೆ, ಇನ್ನೊಬ್ಬರು ಮಣ್ಣು ತೆಗೆದರೆ, ಮತ್ತೊಬ್ಬರು ಸೇತುವೆಯ ಕಬ್ಬಿಣ ಮಾರಿದರೆ, ಒಂದು ಪೀಳಿಗೆಯ ದುಡಿಮೆಯಿಂದ ಬೆಸೆದ ದಾರಿ ಮತ್ತೆಂದೂ ಕೂಡದಂತೆ ತುಂಡಾಗುತ್ತದೆ. ಅಮೆರಿಕದ ಸಂಸತ್ತು 1968ರ ನ್ಯಾಷನಲ್ ಟ್ರೇಲ್ಸ್ ಸಿಸ್ಟಮ್ ಕಾಯ್ದೆಗೆ 1983ರಲ್ಲಿ ತಂದ ತಿದ್ದುಪಡಿ ಇದಕ್ಕೆ ಉತ್ತರವಾಗಿತ್ತು. ಮುಂದೆಂದಾದರೂ ರೈಲಿಗೆ ಬೇಕಾದೀತೆಂದು ಮಾರ್ಗವನ್ನು ಕಾಯ್ದಿಟ್ಟು, ಅಲ್ಲಿಯವರೆಗೆ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡಬಹುದು. ಹಾಗೆ ಕಾಯ್ದಿಟ್ಟದ್ದನ್ನು ಕೈಬಿಟ್ಟದ್ದೆಂದು ಎಣಿಸುವಂತಿಲ್ಲ. ವರ್ಮಾಂಟ್ ರಾಜ್ಯದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು, ಜೊತೆಗೆ ಜಮೀನುದಾರರು ಸರ್ಕಾರದಿಂದ ಪರಿಹಾರ ಕೇಳಲು ಅವಕಾಶವಿದೆ ಎಂದೂ ಹೇಳಿತು. ಇದು ನ್ಯಾಯವಾದ ವ್ಯವಸ್ಥೆ. ರೈತನ ಹಕ್ಕಿಗೆ ಬೆಲೆ ಸಿಗುತ್ತದೆ, ಸಾರ್ವಜನಿಕರ ದಾರಿ ಒಡೆಯುವುದೂ ಇಲ್ಲ.

ಆದರೆ ವೆಸ್ಟರ್ನ್ ಮೇರಿಲ್ಯಾಂಡ್ ಮಾರ್ಗ ಮುಚ್ಚಿ ಎಂಟು ವರ್ಷವಾದ ಮೇಲೆ ಈ ತಿದ್ದುಪಡಿ ಬಂತು. ಹಾಗಾಗಿ ಅಲೆಗೆನಿಯ ದಾರಿಯನ್ನು ತುಂಡು ತುಂಡಾಗಿ ಕೊಂಡು, ಬೇಡಿ ಪಡೆದು ಜೋಡಿಸಬೇಕಾಯಿತು. ಒಹಾಯೋಪೈಲ್ ಬಳಿ ಮೊದಲ 14 ಕಿಲೋಮೀಟರ್ ತೆರೆದದ್ದು 1986ರಲ್ಲಿ. ಊರೂರಿನ ಸ್ವಯಂಸೇವಕ ಗುಂಪುಗಳು 1995ರಲ್ಲಿ ಅಲೆಗೆನಿ ಟ್ರೇಲ್ ಅಲಯನ್ಸ್ ಎಂಬ ಒಕ್ಕೂಟ ಕಟ್ಟಿಕೊಂಡವು. ಕಂಬರ್ಲೆಂಡ್‌ವರೆಗೆ ದಾರಿ ಕೂಡಿದ್ದು 2006ರ ಕೊನೆಗೆ. ಪಿಟ್ಸ್‌ಬರ್ಗ್ ಪಕ್ಕದ ಕೊನೆಯ ಸಣ್ಣ ತುಂಡು ಸೇರಲು 2013ರವರೆಗೆ ಕಾಯಬೇಕಾಯಿತು. ಮೊದಲ ತುಂಡಿನಿಂದ ಕೊನೆಯದಕ್ಕೆ 27 ವರ್ಷ. ಇಂಥ ಕೆಲಸದಲ್ಲಿ ಜಲ್ಲಿ ಹಾಸುವುದು ಸುಲಭದ ಭಾಗ. ನೂರು ಕಿಲೋಮೀಟರ್ ಸಿದ್ಧವಾಗಿದ್ದು ನಡುವೆ ಒಂದೇ ಕಿಲೋಮೀಟರ್ ಹೆದ್ದಾರಿಯಲ್ಲಿ ಹೋಗಬೇಕೆಂದರೆ ಮಕ್ಕಳನ್ನು ಕರೆದುಕೊಂಡು ಹೊರಡುವ ಧೈರ್ಯ ಯಾವ ತಾಯಿತಂದೆಗೂ ಬರುವುದಿಲ್ಲ.

ರೈಲಿನ ಕಾಲದ ಕಟ್ಟಡಗಳು ಉಳಿದದ್ದರಿಂದಲೇ ಇದೆಲ್ಲ ಸಾಧ್ಯವಾಯಿತು. ಮೈಯರ್ಸ್‌ಡೇಲ್ ಬಳಿಯ ಸಾಲ್ಸ್‌ಬರಿ ಸೇತುವೆಯ ಉದ್ದ 582 ಮೀಟರ್. ಕೆಳಗೆ ನದಿ, ರೈಲು, ಹೆದ್ದಾರಿ ಮೂರೂ ಹಾದುಹೋಗುತ್ತವೆ. ಜಲವಿಭಾಜಕದ ಪೂರ್ವಕ್ಕೆ ಸುಮಾರು ಒಂದು ಕಿಲೋಮೀಟರ್ ಉದ್ದದ ಬಿಗ್ ಸ್ಯಾವೇಜ್ ಸುರಂಗವಿದೆ. ನೀರು ಜಿನುಗಿ, ಮಂಜುಗಟ್ಟಿ, ಒಳಗೋಡೆ ಕುಸಿದು ಹಾಳಾಗಿದ್ದ ಅದನ್ನು ಬಹಳ ಹಣ ಸುರಿದು ದುರಸ್ತಿ ಮಾಡಬೇಕಾಯಿತು. ಅದೇ ಕಾರಣಕ್ಕೆ ಚಳಿಗಾಲದಲ್ಲಿ ಸುರಂಗದ ಬಾಗಿಲು ಹಾಕುತ್ತಾರೆ. ಪಿಟ್ಸ್‌ಬರ್ಗ್‌ನ ಹಾಟ್ ಮೆಟಲ್ ಸೇತುವೆಯ ಮೇಲೆ ಒಂದು ಕಾಲಕ್ಕೆ ಕುಲುಮೆಯಿಂದ ಕರಗಿದ ಕಬ್ಬಿಣ ತುಂಬಿದ ಬಂಡಿಗಳು ನದಿ ದಾಟುತ್ತಿದ್ದವು. 2007ರಿಂದ ಅಲ್ಲಿ ಸೈಕಲ್ ದಾಟುತ್ತಿದೆ.

ನೆಲದ ವಿಷಯಕ್ಕೆ ಬಂದರೆ, ಡಾಂಬರಿಗಿಂತ ಪುಡಿಜಲ್ಲಿಯನ್ನು ಆರಿಸಿದ್ದು ಖರ್ಚಿನ ಲೆಕ್ಕದಿಂದ ಮಾತ್ರವಲ್ಲ. ಸುಣ್ಣಕಲ್ಲಿನ ನುಣುಪು ಪುಡಿ ನೀರು ಕುಡಿದು ರೋಲರಿನಡಿ ಕೂತರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ; ಅಗಲವಾದ ಟೈರಿಗೆ ಡಾಂಬರಿನಷ್ಟೇ ಹಿತ, ನಡೆಯುವವರ ಪಾದಕ್ಕೆ ಅದಕ್ಕಿಂತ ಮೃದು. ಗುಂಡಿ ಬಿದ್ದರೆ ನಾಲ್ಕು ಬುಟ್ಟಿ ಪುಡಿ ಹಾಕಿ ಸ್ವಯಂಸೇವಕರೇ ಮುಚ್ಚಬಹುದು. ಶತ್ರು ಒಂದೇ, ನೀರು. ಮೋರಿಯಲ್ಲಿ ಎಲೆ ಕಟ್ಟಿಕೊಂಡರೆ ಮಳೆನೀರು ದಾರಿಯ ಮೇಲೇ ಹರಿದು ಪುಡಿಯನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ, ಉಳಿಯುವುದು ಸಡಿಲ ಕಲ್ಲು. ಹಾಗಾಗಿ ನಿರ್ವಹಣೆಯೆಂದರೆ ಬಹುಪಾಲು ಚರಂಡಿ ಬಿಡಿಸುವ, ಬಿದ್ದ ಮರ ಕಡಿಯುವ ಕೆಲಸ. ಯಾರ ಕಣ್ಣಿಗೂ ಬೀಳದ ಈ ದುಡಿಮೆಗೆ ಉದ್ಘಾಟನೆಯ ಫಲಕದಷ್ಟೇ ಗೌರವ ಸಲ್ಲಬೇಕು.

ದಾರಿಯುದ್ದಕ್ಕೂ ಇರುವುದು ಗಣಿ, ಕುಲುಮೆಗಳು ಮುಚ್ಚಿ ಬಡವಾದ ಊರುಗಳು. ವೆಸ್ಟ್ ನ್ಯೂಟನ್, ಕಾನ್‌ಫ್ಲುಯೆನ್ಸ್, ರಾಕ್‌ವುಡ್, ಫ್ರಾಸ್ಟ್‌ಬರ್ಗ್‌ಗಳಲ್ಲಿ ಸೈಕಲ್ ದುರಸ್ತಿ ಅಂಗಡಿ, ಊಟದ ಮನೆ, ರಾತ್ರಿ ತಂಗುವ ಕೋಣೆಗಳು ಈ ಸವಾರರನ್ನು ನೆಚ್ಚಿಕೊಂಡಿವೆ. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ತುಳಿಯುವವರಿಗೆ ಪ್ರತಿ ಸಂಜೆ ಒಂದು ಊರು ಬೇಕೇ ಬೇಕು. ಕಾರಿನಲ್ಲಿ ಹೋಗುವವರು ಇಂಥ ಊರುಗಳನ್ನು ಹೆದ್ದಾರಿಯಿಂದಲೇ ದಾಟಿಬಿಡುತ್ತಾರೆ.

ಕಂಬರ್ಲೆಂಡ್‌ನಲ್ಲಿ ಈ ದಾರಿ ಮುಗಿದರೂ ಸವಾರಿ ಮುಗಿಯಬೇಕಿಲ್ಲ. ಅಲ್ಲಿಂದ ವಾಷಿಂಗ್ಟನ್‌ವರೆಗೆ ಚೆಸಪೀಕ್ ಅಂಡ್ ಒಹಾಯೋ ಕಾಲುವೆಯ ದಂಡೆಯಲ್ಲಿ ಸುಮಾರು 297 ಕಿಲೋಮೀಟರ್ ಕಚ್ಚಾದಾರಿಯಿದೆ. ದೋಣಿ ಎಳೆಯುವ ಹೇಸರಗತ್ತೆಗಳಿಗಾಗಿ ಮಾಡಿದ ದಾರಿಯದು. 1828ರಲ್ಲಿ ಅಗೆತ ಆರಂಭವಾದ ಕಾಲುವೆ 1850ರಲ್ಲಿ ಕಂಬರ್ಲೆಂಡ್ ಮುಟ್ಟಿ ಅಲ್ಲಿಗೇ ನಿಂತಿತು. ಪರ್ವತ ದಾಟಿ ಒಹಾಯೋ ನದಿ ಸೇರುವ ಮೂಲ ಯೋಜನೆ ಕೈಗೂಡಲಿಲ್ಲ. 1924ರಲ್ಲಿ ದೋಣಿ ಸಂಚಾರ ನಿಂತಿತು. 1950ರ ದಶಕದಲ್ಲಿ ಕಾಲುವೆಯ ಜಾಗದಲ್ಲಿ ಕಾರುಗಳಿಗೆ ರಸ್ತೆ ಮಾಡುವ ಪ್ರಸ್ತಾಪ ಬಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸಂಪಾದಕೀಯದಲ್ಲಿ ಅದನ್ನು ಬೆಂಬಲಿಸಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಒ. ಡಗ್ಲಸ್ ಅದೇ ಪತ್ರಿಕೆಗೆ ಪತ್ರ ಬರೆದು, ತಮ್ಮ ಜೊತೆ ಪೂರ್ತಿ ದಾರಿ ನಡೆದು ನೋಡುವಂತೆ ಸಂಪಾದಕರನ್ನು ಕರೆದರು. 1954ರ ಮಾರ್ಚ್‌ನಲ್ಲಿ ಆ ನಡಿಗೆ ನಡೆಯಿತು. ಪತ್ರಿಕೆಯ ನಿಲುವು ಬದಲಾಯಿತು. 1971ರಲ್ಲಿ ಕಾಲುವೆಗೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಸ್ಥಾನ ಸಿಕ್ಕಿತು. ಆ ರಸ್ತೆ ಆಗಿಬಿಟ್ಟಿದ್ದರೆ ಪಿಟ್ಸ್‌ಬರ್ಗ್‌ನಿಂದ ವಾಷಿಂಗ್ಟನ್‌ಗೆ ವಾಹನಗಳಿಂದ ದೂರ ಉಳಿದೇ ಸೈಕಲ್ ತುಳಿಯುವ ಮಾತೇ ಇರುತ್ತಿರಲಿಲ್ಲ.

ಎರಡು ದಾರಿಗಳ ನೆಲ ಒಂದೇ ಬಗೆಯದಲ್ಲ. ಕಾಲುವೆ ದಂಡೆಯದು ಹೆಚ್ಚಾಗಿ ಜೇಡಿಮಣ್ಣು; ಮಳೆ ಬಂದರೆ ಕೆಸರು, ಬೇರುಗಳ ಉಬ್ಬು ಬೇರೆ. ಕೆಲವು ಭಾಗಗಳಿಗೆ ಉದ್ಯಾನ ಇಲಾಖೆ ಪುಡಿಜಲ್ಲಿ ಹಾಸಿದೆ. ಎರಡನ್ನೂ ಸೇರಿಸಿ ಹೋಗುವವರು 40 ಮಿಲಿಮೀಟರ್ ಆಸುಪಾಸಿನ ಟೈರ್, ಮಡ್‌ಗಾರ್ಡ್, ಸುರಂಗಗಳಿಗಾಗಿ ದೀಪ ಇಟ್ಟುಕೊಂಡರೆ ಒಳ್ಳೆಯದು. ಹೊರಡಲು ತಕ್ಕ ಕಾಲ ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ. ನಡುದಾರಿಯಲ್ಲೇ ಹಿಂದಿರುಗಬೇಕೆನ್ನುವವರಿಗೆ ಕಾನೆಲ್ಸ್‌ವಿಲ್ ಮತ್ತು ಕಂಬರ್ಲೆಂಡ್‌ನಲ್ಲಿ ಆಮ್‌ಟ್ರ್ಯಾಕ್‌ನ ಪ್ರಯಾಣಿಕರ ರೈಲು ನಿಲ್ಲುತ್ತದೆ.