ಪ್ರತಿಭೆಯ ಸುಂಕ

ನನಗೆ ಆಟಿಸಂ ಇದೆ ಎಂದ ತಕ್ಷಣ ಬಹಳ ಜನ ಕೇಳುವ ಪ್ರಶ್ನೆ ಒಂದೇ: ‘ಹೌದಾ! ಹಾಗಾದರೆ ನಿಮಗೆ ಏನಾದರೂ ವಿಶೇಷ ಪ್ರತಿಭೆ ಇರಬೇಕಲ್ಲ?’

ಇಲ್ಲ. ತಾರೀಕು ಕೊಟ್ಟರೆ ವಾರ ಹೇಳಲಾರೆ. ಒಮ್ಮೆ ಕೇಳಿದ ಹಾಡನ್ನು ನುಡಿಸಲಾರೆ. ಪಿಎಚ್.ಡಿ.ಯ ಮೂರನೇ ಅಧ್ಯಾಯದಲ್ಲಿ ಎಲ್ಲರ ಹಾಗೆಯೇ ಒದ್ದಾಡುತ್ತಿದ್ದೇನೆ. ಆದರೆ ಟ್ಯೂಬ್‌ಲೈಟಿನ ಗುಂಯ್ ಸದ್ದಿನಲ್ಲಿ ನನಗೆ ಓದಲಾಗುವುದಿಲ್ಲ. ಬಾಯಲ್ಲಿ ಹೇಳಿದ ಮೂರು ಕೆಲಸಗಳಲ್ಲಿ ಎರಡು ಮರೆತುಹೋಗುತ್ತವೆ. ಒಂದು ಸೆಮಿನಾರ್ ಮುಗಿದರೆ ಎರಡು ದಿನ ಯಾರ ಮುಖವನ್ನೂ ನೋಡಲಾರೆ. ಕಷ್ಟವೆಲ್ಲ ಬಂದಿದೆ, ಜೊತೆಗೆ ಬರಬೇಕಿದ್ದ ವರ ಮಾತ್ರ ಬಂದಿಲ್ಲ.

ಹಾಗಾಗಿ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದಿಲ್ಲ. ಲಂಡನ್ನಿನ ಸ್ಟೀಫನ್ ವಿಲ್ಟ್‌ಶೈರ್ 2005ರಲ್ಲಿ ಟೋಕಿಯೋವನ್ನು ಹೆಲಿಕಾಪ್ಟರಿನಿಂದ ಸ್ವಲ್ಪ ಹೊತ್ತು ನೋಡಿ, ಸುಮಾರು 10 ಮೀಟರ್ ಉದ್ದದ ಚಿತ್ರವನ್ನು ನೆನಪಿನಿಂದಲೇ ಬರೆದರು. ಡೇನಿಯಲ್ ಟಾಮೆಟ್ 2004ರಲ್ಲಿ ‘ಪೈ’ಯ 22,514 ಅಂಕಿಗಳನ್ನು ಒಪ್ಪಿಸಿದರು. ಇಂಥವರ ಬಗ್ಗೆ ಓದುವಾಗ ನನ್ನ ಆಟಿಸಂ ಅರ್ಧಕ್ಕೇ ನಿಂತಿತೇನೋ ಅನ್ನಿಸುತ್ತದೆ.

ಈ ಕಿಚ್ಚನ್ನು ಹಚ್ಚಿದವರು ಅವರಲ್ಲ. 1988ರ ‘ರೇನ್ ಮ್ಯಾನ್’ ಸಿನಿಮಾದಲ್ಲಿ ಡಸ್ಟಿನ್ ಹಾಫ್‌ಮನ್ ನೆಲಕ್ಕೆ ಚೆಲ್ಲಿದ ಟೂತ್‌ಪಿಕ್‌ಗಳನ್ನು ನೋಡಿದ ಕ್ಷಣದಲ್ಲೇ ಎಣಿಸುತ್ತಾನೆ. ಅಂದಿನಿಂದ ಜಗತ್ತಿಗೆ ಆಟಿಸಂ ಎಂದರೆ ಅದೇ ಚಿತ್ರ. ಆ ಪಾತ್ರಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್‌ಗೆ ಆಟಿಸಂ ಇರಲಿಲ್ಲ ಎಂದು ಆಮೇಲೆ ಬಲ್ಲವರು ಹೇಳಿದರು. ಆ ಮಾತು ಸಿನಿಮಾದಷ್ಟು ದೂರ ಹೋಗಲಿಲ್ಲ.

ಮೆಚ್ಚುಗೆಯಂತೆ ಕಾಣುವ ಆ ಪ್ರಶ್ನೆ ನಿಜಕ್ಕೂ ಸುಂಕದ ಕಟ್ಟೆ. ಪ್ರತಿಭೆ ತೋರಿಸು, ಆಮೇಲೆ ನಿನ್ನ ವಿಚಿತ್ರಗಳನ್ನು ಸಹಿಸುತ್ತೇವೆ ಎಂಬ ಕರಾರು ಅದರಲ್ಲಿದೆ. ಸೂಚನೆಗಳನ್ನು ಬರೆದುಕೊಡಿ, ಓದಲು ಸದ್ದಿಲ್ಲದ ಒಂದು ಮೂಲೆ ಕೊಡಿ ಎಂದು ನಾನೊಮ್ಮೆ ಕೇಳಿದ್ದೆ. ಬಂದ ಉತ್ತರ: ‘ಚೆನ್ನಾಗೇ ಮಾತಾಡ್ತೀಯಲ್ಲಮ್ಮಾ, ನಿನಗೇನಾಗಿದೆ?’ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಪ್ರತಿಭೆ ಇದ್ದಿದ್ದರೂ ‘ಇಷ್ಟು ಜಾಣೆ, ನಿನಗೇಕೆ ಸಹಾಯ?’ ಎನ್ನುತ್ತಿದ್ದರೇನೋ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಿ ಎನ್ನುವ ಆ ಕಾಯ್ದೆ ಎಲ್ಲಿಯೂ ಪ್ರತಿಭೆಯ ಪುರಾವೆ ಕೇಳುವುದಿಲ್ಲ. ಕಾನೂನು ಕೇಳದ್ದನ್ನು ನಾವು ಓದುಬರಹ ಬಲ್ಲವರು ಕೇಳುತ್ತಿದ್ದೇವೆ.

ಕಥೆ ಬರೆಯುವ ಗೆಳೆಯರಿಗೆ ಒಂದು ಮಾತು. ನಿಮ್ಮ ಕಥೆಗಳಿಗೆ ಆಟಿಸಂ ಇರುವವರು ಬರಲಿ. ಆದರೆ ಕೊನೆಯ ಪುಟದಲ್ಲಿ ಅವರ ಕೈಗೆ ಕುಂಚವನ್ನೋ ಪಿಟೀಲನ್ನೋ ಕೊಟ್ಟು ಉದ್ಧಾರ ಮಾಡಬೇಡಿ. ಅವರು ಬಸ್ ತಪ್ಪಿಸಿಕೊಳ್ಳಲಿ, ಸಾಧಾರಣ ಅಂಕ ತೆಗೆಯಲಿ, ಬಾಡಿಗೆ ಕಟ್ಟಲು ಪರದಾಡಲಿ. ಏನನ್ನೂ ಸಾಧಿಸದೆ ಕಥೆಯಲ್ಲಿ ಉಳಿಯುವ ಹಕ್ಕು ನಿಮ್ಮ ಉಳಿದೆಲ್ಲ ಪಾತ್ರಗಳಿಗೂ ಇದೆಯಲ್ಲ?